ಏಳೂಕಾಲು

ಅಂಗಡಿಗೆ ಹೊಸ ಕನ್ನಡಿ ಬರುವುದಿತ್ತು, ಗೋಡೆಯಗಲ.
ಬಡಗಿ ಅಂದ: ಆ ಮೊಳೆ ಕೀಳಬೇಕು.
ಮೊಳೆ ಕಿತ್ತರೆ ಟೋಪಿ ಎಲ್ಲಿಡಲಿ?

ಅದು ನಮ್ಮದಲ್ಲ, ಮೊದಲೇ ಹೇಳಿಬಿಡುತ್ತೇನೆ.
ನಾಲ್ಕಾಣೆಯ ಕಾಲ. ಶಿವಮೊಗ್ಗದ ಸ್ಟೇಷನ್ ದಾರಿ,
ಒಂದು ಕುರ್ಚಿ, ಕತ್ತಿ ಮಸೆಯುವ ಒಂದು ಚರ್ಮದ ಪಟ್ಟಿ,
ನನ್ನಜ್ಜ ಚೌಡಪ್ಪ.
ಯಾರೋ ಬಂದರು, ತಲೆ ಕೊಟ್ಟು ಕೂತರು,
ರೈಲು ಕೂಗಿತು, ಎದ್ದು ಓಡಿದರು.
ದುಡ್ಡು ಕೊಡಲಿಲ್ಲ. ಟೋಪಿ ಒಯ್ಯಲಿಲ್ಲ.

'ಚೌಡಪ್ಪಂಗೆ ಟೋಪಿ ಹಾಕಿ ಹೋದ' ಅಂತ
ಎದುರಿನ ಸೋಡಾ ಅಂಗಡಿಯವರು
ಹದಿನೈದು ವರ್ಷ ಒಂದೇ ಮಾತಿಗೆ ನಕ್ಕರಂತೆ.
ಅಜ್ಜ ನಗಲಿಲ್ಲ. ಬರ್ತಾರೆ, ಅಂದ.
ಸಾಯುವಾಗ ಕತ್ತರಿಯ ಬಗ್ಗೆ, ಸಾಲದ ಬಗ್ಗೆ ಏನೂ ಹೇಳದೆ
'ಟೋಪಿಗೆ ಧೂಳು ಹಿಡಿಸಬೇಡ' ಅಂದನಂತೆ.

ಅಪ್ಪ ಮಂಗಳವಾರ ಮಂಗಳವಾರ, ಬಾಗಿಲು ಹಾಕಿದ ದಿನ,
ಗಿರಾಕಿಗಳ ಕುತ್ತಿಗೆ ಜಾಡಿಸುವ ಬ್ರಷ್ಷಿನಲ್ಲೇ
ಅದರ ನೆತ್ತಿ ಸವರುತ್ತಿದ್ದ.
ನನ್ನ ಪಾಲಿಗೆ ಬಂದದ್ದು: ಎರಡು ಕುರ್ಚಿ, ಬಾಡಿಗೆ ಕರಾರು,
ಇನ್ನೂ ಬಾರದ ಒಬ್ಬ ಮನುಷ್ಯ.

ಅದೇನು ಟೋಪಿ ಅಂತಲೂ ಗೊತ್ತಿರಲಿಲ್ಲ ನಮಗೆ.
ಗಾಡಿಕೊಪ್ಪದ ಸಿಲ್ವೆಸ್ಟರ್ ಡ್ರಾಯಿಂಗ್ ಮೇಷ್ಟ್ರು
ಕುದಿಯುವ ಚಹಾದ ಹಬೆಗೆ ಹಿಡಿದರು.
ಸೊರಗಿದ ಅಂಚು ಮೆಲ್ಲಗೆ ಎದ್ದಿತು,
ಹೆಸರು ಕರೆದಾಗ ಬೆಕ್ಕು ಕಿವಿ ಎತ್ತಿದ ಹಾಗೆ.
'ಉಣ್ಣೆ ಅಲ್ಲ ಮಾರಾಯ, ಮೊಲದ ಕೂದಲು.
ಒತ್ತಿ ಒತ್ತಿ ಬಟ್ಟೆ ಮಾಡಿದ್ದು.'
ಒಳಪಟ್ಟಿ ಹೊರಳಿಸಿದರು. ಚಿನ್ನದಕ್ಷರ ಅಳಿಸಿ
'ಕಂಟೋನ್ಮೆಂಟ್' ಒಂದೇ ಉಳಿದಿತ್ತು.
ಅಳತೆ ಏಳೂಕಾಲು. ಸೂಜಿಯಲ್ಲಿ ಚುಚ್ಚಿದ ಪಿ. ಆರ್.
ಯಾರು ಪಿ. ಆರ್.? ಮೇಷ್ಟ್ರು ಬೆರಳು ಮಡಿಸಿದರು:
ಒಬ್ಬ ಓವರ್ಸಿಯರ್, ಒಬ್ಬ ನಾಟಾ ಡಿಪೋ ಗುಮಾಸ್ತ,
ಒಬ್ಬ ಪಾದ್ರಿ. ಪಾದ್ರಿ ಬೋಳುತಲೆ, ಅವರನ್ನು ಬಿಡು.

ನನ್ನ ಕಣ್ಣು ಬಿದ್ದದ್ದು ಹೊಲಿಗೆಯ ಮೇಲೆ.
ಅಲ್ಲೊಂದು ಕೂದಲು ಸಿಕ್ಕಿಕೊಂಡಿತ್ತು.
ತುದಿ ಕಪ್ಪು, ಬುಡದ ಕಡೆ ಬಿಳಿ.
ಹೆಸರು ಕೇಳಿದರೆ ಹೇಳಲಾರೆ, ಇಷ್ಟು ಹೇಳಬಲ್ಲೆ:
ವಯಸ್ಸು ಐವತ್ತರ ಆಚೆ. ಮುಚ್ಚಿಟ್ಟು ಬದುಕಿದವರು.
ಒಂದು ತಿಂಗಳಿಂದ ಏನೋ ಆಗಿ
ಮುಚ್ಚಿಡುವುದನ್ನು ಬಿಟ್ಟವರು.

ಅಂಥವರು ಟೋಪಿ ಮರೆಯುತ್ತಾರೆಯೇ?
ಬಿಟ್ಟೇ ಹೋದರೇನೋ.
ಅಜ್ಜನಿಗೆ ಇದನ್ನು ಯಾವ ಬಾಯಲ್ಲಿ ಹೇಳಲಿ.

ರಿಪ್ಪನ್‌ಪೇಟೆಯ ಜಯಶೀಲ ಬೈಕಲ್ಲಿ ಬಂದ,
ಹಳೇ ರೇಡಿಯೋ, ಹಳೇ ಟಾರ್ಚು ಕೊಳ್ಳುವವನು.
ಟೋಪಿ ಕೈಗೆ ತಗೊಂಡು ತಿರುಗಿಸಿದ:
'ರಿಬ್ಬನ್ ಮಾಸಿದೆ, ಇಲ್ಲಿ ನುಸಿ ತಿಂದಿದೆ, ಎಂಟುನೂರು.'
ಮೂರು ಸಾವಿರ, ಅಂದೆ. ಎರಡು ತಲೆಮಾರಿನ ಕಾವಲು ಕೂಲಿ ಸೇರಿ.
ಎರಡು ಸಾವಿರದ ನೂರಕ್ಕೆ ನಿಂತಿತು.
ಅಜ್ಜನ ನಾಲ್ಕಾಣೆ ಕಳೆದು ಉಳಿದದ್ದು ಯಾರಿಗೆ ಸೇರಬೇಕೋ,
ಎಣಿಸುವಾಗ ಬೆರಳು ಅಂಟುತ್ತಿತ್ತು.
ಕೂದಲನ್ನು ತೆಗೆಯಲಿಲ್ಲ. ಅದು ಟೋಪಿಯ ಜೊತೆಯದು.

ತಲೆಗಿಟ್ಟುಕೊಂಡ. ಇಳಿಯಲೊಲ್ಲದು.
ಮುಖ ಸಣ್ಣ ಮಾಡಿದ. ನೋಟು ವಾಪಸು ಕೇಳುವ ಮೊದಲೇ
ಕೈ ಅವನ ನೆತ್ತಿಯ ಮೇಲಿಟ್ಟೆ. ನನಗೆ ಟೇಪು ಬೇಡ.
'ತಲೆ ಏಳೂಕಾಲೇ. ಕೂದಲು ಜಾಸ್ತಿ. ಕೂತ್ಕಳಿ.'

ಅಜ್ಜನ ಕತ್ತರಿ ತೆಗೆದೆ, ಯಾಕೋ.
ಕಿವಿಯ ಮೇಲಿಂದ ಇಳಿಸಿದೆ, ಹಿಂದೆ ತೆಳುವಾಗಿಸಿದೆ.
ಈಗ ಕೂತಿತು, ಹುಬ್ಬಿಗೆ ಎರಡು ಬೆರಳು ಮೇಲೆ.
ಹಳೆಯ ಕನ್ನಡಿಯಲ್ಲಿ ಅವನು ತನಗೇ ಒಂದು ಕ್ಷಣ
ಎದ್ದು ಜಾಗ ಕೊಡುವವನಂತೆ ಕಂಡ.
ಕಟಿಂಗಿಗೂ ಕೊಟ್ಟ, ಚಿಲ್ಲರೆ ಎಣಿಸಿಕೊಂಡ,
ಟೋಪಿಯಲ್ಲೇ ಬೈಕ್ ಹತ್ತಿ ಸಾಗರ ರಸ್ತೆಗೆ ತಿರುಗಿದ.

ಸಂಜೆ ಬಡಗಿ ಇಕ್ಕಳ ಹಿಡಿದು ಬಂದ.
'ಇದ್ಯಾರದ್ದು ಮತ್ತೆ?'

ಮೊಳೆಯಲ್ಲಿ ಕರೀ ಹೆಲ್ಮೆಟ್ಟು, ಬಂದವನೇ ನೇತುಹಾಕಿದ್ದು.

ಬರ್ತಾರೆ, ಅಂದೆ.
ಕನ್ನಡಿ ಒಂದು ಗೇಣು ಚಿಕ್ಕದು ಮಾಡು.