ಒಲೆಯ ಇಟ್ಟಿಗೆ

ಇಪ್ಪತ್ತೆರಡು ವರ್ಷ ಕೂಗಿದ್ದೇನೆ ಈ ಊರನ್ನು:
'ಗಂಟೆಗೋಪುರ, ಗಂಟೆಗೋಪುರ, ಇಳಿಯೋರು ಬಾಗಿಲಿಗೆ ಬನ್ನಿ,
ಮುಂದಿಂದು ದಕ್ಷಿಣದ ಹೆಬ್ಬಾಗಿಲು,
ಶಾಸನ ನೋಡೋರು ಇಲ್ಲೇ, ಚಿಲ್ಲರೆ ಕೊಡಿ!'
ಕೂಗಿದೆನೇ ಹೊರತು ಇಳಿದವಳಲ್ಲ.
ಶೀಆನ್ ಎಂದರೆ ನನಗೆ
ಎಡಕ್ಕೊಂದು ಸಾಲು ಕಿಟಕಿ, ಬಲಕ್ಕೊಂದು ಸಾಲು,
ನಡುವೆ ಜನರ ಮೊಣಕೈ.

ಈಗ ಅರವತ್ತೈದು ತುಂಬಿತು, ಎಲ್ಲ ಪುಕ್ಕಟೆ.
ಗೇಟಿನ ಹುಡುಗ ಕಾರ್ಡು ನೋಡಿ
'ಛಿಯಾವ್ ಮೇಫಂಗ್ ಅಜ್ಜಿ, ಮೆಟ್ಟಿಲು ಜೋಪಾನ' ಅಂದ.
ಡ್ರೈವರ್ ಫಾನ್ ಕೂಡ ಬರುತ್ತೇನೆಂದಿದ್ದ. ಮಂಡಿನೋವಂತೆ.
ಚೀಲದಲ್ಲಿ ಬೋರೆಹಣ್ಣಿನ ಕಡುಬು ಎರಡೂ ನನಗೇ.

ಶಾಸನಗಳ ಸಾಲಿನಲ್ಲಿ ಒಬ್ಬ
ಕಲ್ಲಿಗೆ ಒದ್ದೆ ಕಾಗದ ಮೆತ್ತಿ
ಮಸಿಯುಂಡೆಯಿಂದ ತಟ್ಟುತ್ತಿದ್ದ, ಟಪ್ ಟಪ್ ಟಪ್.
ಕಾಗದ ಕಪ್ಪಾಗಬೇಕು, ಕಲ್ಲಿಗೆ ಸೋಕಬಾರದು.
ನಮ್ಮಮ್ಮನಿಗೆ ಬಾರದ ವಿದ್ಯೆ.

ಆಮೇಲೆ ಕೋಟೆ ಹತ್ತಿದೆ.
ಪುಟ್ಟ ಬಾವುಟ ಹಿಡಿದ ಹುಡುಗಿ ಹೇಳುತ್ತಿದ್ದಳು,
'ಆರುನೂರು ವರ್ಷದ ಇಟ್ಟಿಗೆ, ದಯವಿಟ್ಟು ಮುಟ್ಟಬೇಡಿ.'

ಮುಟ್ಟುವುದೇನು ಮಗಳೇ,
ನಾಲ್ಕು ನಮ್ಮನೆಯಲ್ಲೇ ಇದ್ದವು.
ಗೋಡೆಗೆ ದಿಕ್ಕುದೆಸೆಯಿಲ್ಲದ ಕಾಲ,
ಕೋಳಿಗೂಡಿಗೆಂದು ಒಬ್ಬ ಕಿತ್ತ, ಕಕ್ಕಸಿನ ಮೆಟ್ಟಿಲಿಗೆ ಒಬ್ಬ,
ನಮ್ಮಪ್ಪ ಒಲೆಗೆ.
ಅದರ ಮೇಲೆಯೇ ಜೋಳದ ಗಂಜಿ ಉಕ್ಕಿ ಉಕ್ಕಿ
ನಾವು ಐವರು ಬೆಳೆದೆವು.

ರಿಪೇರಿ ಶುರುವಾದಾಗ ಓಣಿಯಲ್ಲಿ ಮೈಕು ಬಂತು:
ಕೋಟೆಯದು ಕೋಟೆಗೆ ಕೊಡಿ.
ಅಪ್ಪ ಒಲೆ ಒಡೆದ. ಮೂರು ಗಾಲಿಯ ಗಾಡಿಯಲ್ಲಿ
ನಾಲ್ಕನ್ನೂ ಹೇರಿಕೊಂಡು ಹೋಗಿ ರಸೀದಿ ತಂದ.
ಹೊರಡುವ ಮುಂಚೆ ಅಮ್ಮ ಬೂದಿ ಹಾಕಿ ಉಜ್ಜಿದ್ದಳು,
ಹೆಣ್ಣು ಕಳಿಸಿಕೊಡುವವರ ಹಾಗೆ.
ಮಸಿ ಹೋಗಲಿಲ್ಲ.

ಊರ ಸುತ್ತ ಗೋಡೆ, ಹದಿಮೂರು ಕಿಲೋಮೀಟರು.
ಬಾಡಿಗೆ ಸೈಕಲ್ಲಿನ ಹುಡುಗರು ಗಂಟೆ ಬಾರಿಸುತ್ತ ಹಾಯುತ್ತಾರೆ,
ನಾನು ಕಳೆದ ಓಲೆ ಹುಡುಕುವವಳಂತೆ ಬಗ್ಗಿ ಬಗ್ಗಿ ನಡೆದೆ.
ಬಿಸಿಲು ಇಳಿಯುವ ಹೊತ್ತಿಗೆ ಒಂದು ಸಿಕ್ಕಿತು,
ಒಂದು ಮೂಲೆ ಮಾತ್ರ ಕಪ್ಪು.
ನಮ್ಮದೇ ಇರಬಹುದು.
ಯಾವನೋ ಕಾವಲಿನವ ಚಳಿಗೆ ಹಾಕಿದ ಬೆಂಕಿಯೂ ಇರಬಹುದು,
ಅವನೂ ಗಂಜಿಯನ್ನೇ ಕಾಸಿಕೊಂಡಿರಬಹುದು.
ಹುಡುಗಿ ಅತ್ತ ತಿರುಗಿದಾಗ ಅಂಗೈ ಇಟ್ಟೆ.
ತಣ್ಣಗಿತ್ತು.
ಕೂತು ಎರಡನೆಯ ಕಡುಬು ತಿಂದೆ.

ಕೆಳಗೆ ನನ್ನ ಬಸ್ಸು ಹೋಯಿತು.
ಈಗ ಮೆಷೀನು ಕೂಗುತ್ತದೆ, 'ದಕ್ಷಿಣದ ಹೆಬ್ಬಾಗಿಲು.'
ಉಚ್ಚಾರ ನನಗಿಂತ ಸ್ಪಷ್ಟ.
ಚಿಲ್ಲರೆ ಮಾತ್ರ ಕೇಳುವುದಿಲ್ಲ.