ಬಾಯಿಗೆ ಬೆಳಕಿಂಡಿ

ಮೊದಲು ಬಟ್ಟೆಯನ್ನು ಕುದಿಸಬೇಕು.
ಹೊಲಿದ ಮೇಲೆ ಕುಗ್ಗುವ ಬದಲು
ಹೊಲಿಯುವ ಮೊದಲೇ ಕುಗ್ಗಿಬಿಡಲಿ.
ಮದುವೆಯಾಗುವ ಹುಡುಗಿಯರಿಗೂ ಇದನ್ನೇ ಹೇಳುತ್ತಿದ್ದೆ,
ಯಾರೂ ಕೇಳಲಿಲ್ಲ.

ಆಲೂಗಡ್ಡೆ ಬೇಯಿಸುವ ಪಾತ್ರೆಯಲ್ಲಿ
ನೀಲಿ ಚೌಕಳಿಯ ದುಪ್ಪಟಿ ಬುಸುಗುಡುತ್ತಿದೆ.
ಸೆಮಿಲಿಯಲ್ಲಿ ಮಾರ್ಚ್ ತಿಂಗಳು,
ಯಿಜೆರಾ ಹೊಳೆಯ ಅಂಚಿಗೆ ಇನ್ನೂ ಮಂಜುಗಡ್ಡೆಯ ಜರಿ,
ಅಂಗಡಿಗಳಲ್ಲಿ ಎಲಾಸ್ಟಿಕ್ ಮುಗಿದು ಆರು ದಿನ.

ನನ್ನ ಹೊಲಿಗೆ ಯಂತ್ರದ ಹೆಸರು ಲಾಡಾ.
ಎಲಾಸ್ಟಿಕ್ ಇಲ್ಲದ ಊರಿಗೆ ಲಾಡಿಯೇ ಗತಿ:
ದುಪ್ಪಟಿಯ ಅಂಚು ಸೀಳಿ, ಮಡಚಿ, ಮತ್ತೆ ಮಡಚಿ,
ಒಂದೊಂದು ಮಾಸ್ಕಿಗೆ ನಾಲ್ಕು.
ಉದ್ದ ಒಂದು ಗೇಣು, ಅಗಲ ಎರಡು ಬೆರಳು ಕಮ್ಮಿ,
ಮೂರು ನೆರಿಗೆ, ಮೂರೂ ಕೆಳಗೆ ನೋಡಬೇಕು,
ಮೇಲೆ ನೋಡುವ ನೆರಿಗೆಯಲ್ಲಿ ಧೂಳು ಕೂರುತ್ತದೆ.
ಮೂಗಿನ ಏಣಿಗೆ ಕಾಫಿ ಪೊಟ್ಟಣದ ತಂತಿ.

ನಿಜ ಹೇಳುತ್ತೇನೆ,
ಬಾಯಿ ಮುಚ್ಚಿಕೊಳ್ಳುವುದು ನನಗೆ ಹಿತವೇ ಆಗಿತ್ತು.
ಮುಂದಿನ ಹಲ್ಲೊಂದು ಕ್ರಿಸ್ಮಸ್ಸಿನ ಬಿಸ್ಕತ್ತಿಗೆ ಮುರಿದಿತ್ತು,
ದಂತವೈದ್ಯೆಯ ಬಾಗಿಲಿಗೆ ಈಗ ಬೀಗ.
ನಾಲ್ಕು ಮಹಡಿ, ಹದಿನಾರು ಮನೆ,
ಮೂರು ದಿನದಲ್ಲಿ ಎಲ್ಲರ ಬಾಗಿಲ ಹಿಡಿಗೂ
ಒಂದೊಂದು ಮಾಸ್ಕು ಕಟ್ಟಿಬಂದೆ.

ಎರಡನೇ ಮಹಡಿಯ ಓಲ್ದ್ರಿಖ್,
ಗಡಿಯಾರ ರಿಪೇರಿಯವನು, ಹುಟ್ಟು ಕಿವುಡ,
ಟಿಕ್ ಟಿಕ್ಕನ್ನು ಬೆರಳ ತುದಿಯಿಂದ ಕೇಳುವವನು,
ಮೆಟ್ಟಿಲಲ್ಲಿ ಸಿಕ್ಕ. ಏನೋ ಕೇಳಿದೆ.
ಅವನು ನನ್ನ ಮುಖವನ್ನು
ಮುಳ್ಳು ಕಳಚಿದ ಗಡಿಯಾರ ನೋಡುವಂತೆ ನೋಡಿದ.

ಅಯ್ಯೋ ಪಾಪ ಎಂದುಕೊಂಡು ರಾತ್ರಿಯೆಲ್ಲ ಕೂತೆ.
ಗಿರಣಿ ಮುಚ್ಚಿದ ದಿನ ಕೊಟ್ಟ ಪ್ರಶಂಸಾಪತ್ರವನ್ನು
ಅದರ ಪ್ಲಾಸ್ಟಿಕ್ ಹೊದಿಕೆಯಿಂದ ಎಳೆದು ಹಾಕಿ
ಹೊದಿಕೆಯನ್ನು ಕತ್ತರಿಸಿ
ಮಾಸ್ಕಿನ ನಡುವೆ ಬೆಳಕಿಂಡಿ ಕೂರಿಸಿದೆ.
ಬಟ್ಟೆ ಸೂಜಿಯನ್ನು ಮರೆಯುತ್ತದೆ,
ಪ್ಲಾಸ್ಟಿಕ್ ಮರೆಯುವುದಿಲ್ಲ, ಚುಚ್ಚಿದ ತೂತು ತೂತೇ.
ಎರಡು ಹಾಳಾದವು, ಮೂರನೆಯದು ಪರವಾಗಿಲ್ಲ.
ಉಸಿರಿಗೆ ಮಬ್ಬಾಗದಿರಲೆಂದು ಒಳಗೆ
ಪಾತ್ರೆ ತೊಳೆಯುವ ಸೋಪು ಒಂದು ತೊಟ್ಟು, ಸವರಿ, ಒರೆಸಿ.

ಬೆಳಿಗ್ಗೆ ಒಯ್ದು ಕೊಟ್ಟೆ.
ಹಿಂದೆ ಮುಂದೆ ತಿರುಗಿಸಿ ನೋಡಿದ,
ಹೊಲಿಗೆಗೆ ತಲೆದೂಗಿದ,
ಕಟ್ಟಿಕೊಳ್ಳಲಿಲ್ಲ.
ಲಾಡಿ ಹಿಡಿದು, ಕೈ ಚಾಚಿ,
ನನ್ನ ಬಾಯಿಯ ನೇರಕ್ಕೆ ಎತ್ತಿ ಹಿಡಿದ.
ಅಷ್ಟೇ.

ಥೂ ನನ್ನ ಬುದ್ಧಿಗೆ.
ಹನ್ನೆರಡು ಮಗ್ಗಗಳ ನಡುವೆ ಮೂವತ್ತೊಂದು ವರ್ಷ,
ಒಂದು ಮಾತೂ ಕಿವಿಗೆ ಬೀಳದ ಆ ಗದ್ದಲದಲ್ಲಿ
ತುಟಿ ನೋಡಿಯೇ ಬಾಳಿದವರಲ್ಲವೇ ನಾವು?
ಆಚೆ ಸಾಲಿನ ಯರ್ಮಿಲಾ ಬಸಿರೆಂದು
ಅವಳ ಗಂಡನಿಗಿಂತ ಮೊದಲು ಓದಿದವಳು ನಾನು.
ಮೇಸ್ತ್ರಿಯ ಬೆನ್ನ ಹಿಂದೆ ಅವನ ವಂಶಾವಳಿಯನ್ನೇ
ಸದ್ದಿಲ್ಲದೆ ಜಾಲಾಡಿದವರು.
ಅಂಥವಳು
ಓದುವವನ ಬಾಯಿಗೆ ಕಿಂಡಿ ಕೊರೆದು
ಓದಬೇಕಾದ ಬಾಯಿಗೆ ಬಾಗಿಲು ಹಾಕಿದ್ದೆ.

ಈಗ ಹೊದಿಕೆಗಳಿಗಾಗಿ ಮನೆಯ ಕಡತಗಳೆಲ್ಲ ಬತ್ತಲೆ:
ಪಿಂಚಣಿ ಕಾಗದ, ಬಾಯ್ಲರಿನ ಗ್ಯಾರಂಟಿ,
ಬೆಕ್ಕಿನ ಚುಚ್ಚುಮದ್ದಿನ ಚೀಟಿ.
ಅಂಚೆಯ ಇವೆಟಾಗೆ ಒಂದು, ಬ್ರೆಡ್ಡಿನ ಅಂಗಡಿಗೆ ಎರಡು,
ಕೆಳಮನೆಯವರು ಮಾತ್ರ ಬೇಡವೆಂದರು,
ಅಕ್ವೇರಿಯಮ್ಮಿನಂತೆ ಕಾಣುತ್ತದಂತೆ.

ನಾನೂ ಕಟ್ಟಿಕೊಂಡು, ಹಲ್ಲಿನ ಸಂದಿ ಊರಿಗೆಲ್ಲ ತೋರಿಸುತ್ತ
ಇವತ್ತು ಅದೇ ಮೆಟ್ಟಿಲಲ್ಲಿ ನಿಂತು
ಅವತ್ತಿನ ಪ್ರಶ್ನೆಯನ್ನೇ ಮತ್ತೆ ಕೇಳಿದೆ:
ನಿನ್ನ ಹತ್ತಿರ ಎಲಾಸ್ಟಿಕ್ ಇದೆಯಾ?

ಒಳಗೆ ಓಡಿದ. ಅವನಮ್ಮನ ಗುಂಡಿ ಡಬ್ಬಿಯಿಂದ
ಹುಡುಕಿ ತಂದ, ಒಂದೂವರೆ ಗೇಣು.
ಹಳೆಯದು. ಎಳೆದರೆ ಉದ್ದವಾಗುತ್ತದೆ,
ತಿರುಗಿ ಬರುವುದಿಲ್ಲ.
ಇರಲಿ ಎಂದೆ.
ಓದಿಕೊಂಡ.