ಉದ್ರಿ ವಹಿ

ಕಾಲೇಜಿನ ಹಿಂದೆ, ಮೊದಲು ಸೈಕಲ್ ಸ್ಟ್ಯಾಂಡ್ ಇದ್ದ ಕಡೆ
ತಗಡಿನ ಮಾಡು, ಆರು ಮೇಜು, ಒಂದೇ ಕಿಟಕಿ.
ಬೋರ್ಡಿನ ಮೇಲೆ ಮರಾಠಿಯಲ್ಲಿ: ಕಾಫಿ ಕಟ್ಟಾ.
ನಮ್ಮೂರಲ್ಲಿ ಇದಕ್ಕೆ ಕಟ್ಟೆ ಅನ್ನುತ್ತಾರೆ.
ಕೊನೆಯ ಸ್ವರ ಬದಲಾಗಲು
ನಾಗಣಸೂರಿನಿಂದ ಸೊಲ್ಲಾಪುರಕ್ಕೆ
ಬಸ್ಸಿನಲ್ಲಿ ಒಂದೂವರೆ ತಾಸು.

ಕುರ್ಚಿಗಳಿಗೆ ಹೊದಿಸಿದ್ದು ಚಾದರದ ತುಂಡು,
ನೇಯುವಾಗ ಎಳೆ ತಪ್ಪಿ ಮಾರಾಟಕ್ಕೆ ಬಾರದೆ ಉಳಿದವು.
ನನ್ನ ಕುರ್ಚಿಯ ನವಿಲಿಗೆ ಒಂದು ಕಾಲಿಲ್ಲ.
ಎರಡು ಸಲ ಫೇಲಾದವಳಿಗೆ
ಅದರ ಮೇಲೆ ಕೂಡುವುದು ಹಗುರ.

ನರಸೂಬಾಯಿ ವಲ್ಲಾಳರ ಕಿವಿ ಮಂದ.
ಇಪ್ಪತ್ತೆರಡು ವರ್ಷ ಪವರ್‌ಲೂಮಿನ ಪಕ್ಕ
ಕಂಡಿಕೆ ಸುತ್ತಿದ್ದಾರೆ.
ಅದಕ್ಕೇ ಇಲ್ಲಿ ಎಲ್ಲರೂ ಕೂಗಿ ಕಾಫಿ ಕೇಳುತ್ತಾರೆ,
ಆಮೇಲೆ ಪಿಸುಗುಟ್ಟಿ ಓದುತ್ತಾರೆ.
ಗಿರಾಕಿಗಳೊಡನೆ ಮರಾಠಿ, “ಬಸಾ, ಬಸಾ.”
ಹಾಲಿನೊಡನೆ, ಉಕ್ಕುವ ಮುಂಚೆ, ತೆಲುಗು.
ನನ್ನೊಡನೆ ಮಾತ್ರ, ಸೊಂಟಕ್ಕೆ ಕೈಕೊಟ್ಟು,
“ಉಂಡಿಯೇನ ಯವ್ವಾ?”

ಹದಿನೈದು ರೂಪಾಯಿಗೆ ಒಂದು ಲೋಟ,
ಲೋಟಕ್ಕೆ ಮೂರು ತಾಸು ಕುರ್ಚಿ.
ಚಹಾದ ಊರಿನಲ್ಲಿ ಕಾಫಿ ಯಾಕೆ ಹಚ್ಚಿದಿರಿ ಅಂದರೆ,
“ಚಹಾ ಕುಡದಾವ ಎದ್ದ ಹೋಗ್ತಾನ,
ಕಾಫಿ ಕುಡದಾವ ಕೂಡ್ತಾನ.”
ಕೂತವರಿಂದ ಲಾಭವೇನು ಎಂದು ನಾನು ಕೇಳಲಿಲ್ಲ.
ನಾನೂ ಕೂತವಳೇ.

ಏಪ್ರಿಲ್ ಮಧ್ಯಾಹ್ನ, ತಗಡು ಕಾದು ಚಟಚಟ ಅನ್ನುವಾಗ
ಚಪ್ಪಲಿ ಬಿಟ್ಟು, ಶಹಾಬಾದಿ ಕಲ್ಲಿನ ತಂಪಿಗೆ ಪಾದ ಒತ್ತಿ
ತಲಾಠಿ ಪರೀಕ್ಷೆಯ ಹಳೆ ಲೆಕ್ಕ ಬಿಡಿಸುತ್ತೇನೆ.
ಪ್ರಶ್ನೆ ಮರಾಠಿ, ಉತ್ತರ ಮರಾಠಿ.
ನಡುವೆ ಗುಣಿಸುವುದು ಮಾತ್ರ ಕನ್ನಡ.
ಏಳೆಂಟ್ಲೆ ಐವತ್ತಾರು
ತುಟಿಯ ತನಕ ಬಂದು ಇಳಿದುಬಿಡುತ್ತದೆ,
ಟಿಕೆಟ್ಟಿಲ್ಲದೆ ಬಸ್ಸು ಹತ್ತಿದವರ ಹಾಗೆ.
ಎದುರು ಮೇಜಿನಲ್ಲಿ ಮುಬೀನಾ
ರಸಾಯನಶಾಸ್ತ್ರಕ್ಕೆ ಕೆನ್ನೆ ಕೊಟ್ಟು ಮಲಗಿದ್ದಾಳೆ.
ಅವಳ ಕಾಫಿಗೆ ಕೆನೆ ಕಟ್ಟಿದೆ.
ಯಾರೂ ಎಬ್ಬಿಸುವುದಿಲ್ಲ.

ನಿನ್ನೆ ಹಾಲು ಮುಗಿಯಿತೆಂದು ಓಡುವಾಗ ನರಸೂಬಾಯಿ
ಗಲ್ಲಾಕ್ಕೆ ನನ್ನನ್ನು ಕೂಡಿಸಿದರು.
ಅಲ್ಲಿತ್ತು ಉದ್ರಿ ವಹಿ, ತೆಲುಗಿನಲ್ಲಿ.
ಇಲ್ಲಿ ಯಾರಿಗೂ ಓದಲು ಬಾರದೆಂಬ ಧೈರ್ಯಕ್ಕೆ
ಸದಾ ತೆರೆದೇ ಇರುವ ವಹಿ.
ನನಗೆ ಬಂತು.
ಚಿಕ್ಕಪ್ಪನ ಮಕ್ಕಳ ಮುಖದಂತಿದ್ದವು ಅಕ್ಷರ:
ಮೂಗು ನಮ್ಮದೇ, ಬೈತಲೆ ಬೇರೆ.

ಹೆಸರುಗಳೇ ಇಲ್ಲ. ಚಷ್ಮಾ. ಉದ್ದ ಕೂದಲು.
ನಿದ್ರ ಪಿಲ್ಲ, ಅರವತ್ತು.
ಕಿಟಕಿ ಪಿಲ್ಲ, ನೂರಾ ತೊಂಬತ್ತೈದು. ಅದು ನಾನು.
ಮೊದಲ ಪುಟದ ಮೊದಲ ಸಾಲಿಗೆ ಮಾತ್ರ
ಹೆಸರಿಟ್ಟು ಬರೆದಿತ್ತು:
ದಶರಥ, ಮುನ್ನೂರ ನಲವತ್ತೈದು.

ಫೌಜದಾರನಾಗುತ್ತೇನೆಂದು ನಸುಕಿಗೆ ಮೈದಾನ ಸುತ್ತಿ
ಬೆವರೊರೆಸದೆ ಬಂದು ಓದುತ್ತಿದ್ದವ.
ವಯಸ್ಸು ಮೀರಿದ ದಿನ
ಪುಸ್ತಕ ಮೇಜಿನ ಮೇಲೆಯೇ ಬಿಟ್ಟು ಹೋದನಂತೆ.
ಅದಾಗಿ ಮೂರು ವಹಿ ತುಂಬಿವೆ.
ಪ್ರತಿ ಹೊಸದಕ್ಕೂ ಆ ಸಾಲು ಇಳಿದು ಬಂದಿದೆ.

“ಇದನ್ನ ಹೊಡದ ಹಾಕಬಾರದ್ಯಾ?” ಜೋರಾಗಿಯೇ ಕೇಳಿದೆ.
ಹಾಲಿನ ಕ್ಯಾನು ಇಳಿಸಿದರು. ಸೆರಗಿಗೆ ಕೈ ಒರೆಸಿದರು.
ಕೇಳಿಸಲಿಲ್ಲವೆಂದುಕೊಂಡೆ.
“ಹೊಡದ್ರ, ಅಂವಾ ತಿರುಗಿ ಬರಾಕ
ಏನ ನೆವ ಉಳೀತು?”

ಆಗ ಕಂಡಿತು.
ನಮ್ಮ ಅಕ್ಷರದ ತಲೆಕಟ್ಟು ಅಡ್ಡಗೆರೆ.
ತೆಲುಗಿನಲ್ಲಿ ಅದು ಚಿಕ್ಕದೊಂದು ರೈಟ್ ಗುರುತು,
ಉತ್ತರ ಪತ್ರಿಕೆಯ ಮೇಲೆ ಮಾಸ್ತರರು ಎಳೆಯುವಂಥದು.
ದ. ಶ. ರ. ಥ.
ನಾಲ್ಕಕ್ಕೆ ನಾಲ್ಕು ಸರಿ.

ಎದ್ದು ಹೋಗಿ ಒಂಟಿಗಾಲಿನ ನವಿಲಿನ ಮೇಲೆ ಕೂತೆ.
ಪ್ಯಾಡು ತೆರೆದೆ, ಪೆನ್ನಿನ ಕ್ಯಾಪು ಬಾಯಲ್ಲಿ ಕಚ್ಚಿದೆ.
ಮತ್ತೆ ತೆಗೆದು ಕೂಗಿದೆ: “ಇನ್ನೊಂದು ಕಾಫಿ!
ಬರಕೋರಿ, ಇನ್ನೂರಾ ಹತ್ತು.”